ಹೆಂಡತಿಯ ಕೆಲಸಕ್ಕೆ ಗಂಡನ ಇಂಟರ್‌ವ್ಯೂ

ಡಾಕ್ಟರನ್ನು ಮದುವೆಯಾದ ಗಂಡಸಿನ ಸ್ಥಾನಮಾನ ಹೆಚ್ಚುಕಡಿಮೆ ಸ್ಟೆತಸ್ಕೋಪಿನ ಚೀಲದ್ದು. ಜೊತೆಗಿರಬೇಕು, ಮಾತಾಡಬಾರದು. ಜೊತೆಗಿರುವುದನ್ನು ನಾನು ಚೆನ್ನಾಗಿಯೇ ನಿಭಾಯಿಸುತ್ತೇನೆ, ತೊಂದರೆ ಎರಡನೆಯದರಲ್ಲಿ.

ನನ್ನ ಹೆಂಡತಿ ಶೈಲಜಾ ಧಾರವಾಡದವಳು. ಲಾಸ್ ಏಂಜಲೀಸಿನಲ್ಲಿ ಅವಳ ವೈದ್ಯಕೀಯ ತರಬೇತಿ ಮುಗಿಯುವ ಹೊತ್ತಿಗೆ ವೀಸಾದ ಷರತ್ತು ಎದುರಿಗೆ ಬಂದು ನಿಂತಿತು. ಒಂದೋ ಎರಡು ವರ್ಷ ಭಾರತಕ್ಕೆ ಹಿಂತಿರುಗಬೇಕು, ಇಲ್ಲವೇ ಡಾಕ್ಟರುಗಳೇ ಸಿಗದ ಊರಿನಲ್ಲಿ ಮೂರು ವರ್ಷ ದುಡಿಯಬೇಕು. “ಅಂಥ ಊರು ನಮ್ಮ ಪೋರ್ಟರ್ ರ್ಯಾಂಚ್ ಬಡಾವಣೆಯೇ ಆಗಬಾರದೇ?” ಎಂದೆ. ನಮ್ಮ ಬೀದಿಯಲ್ಲಿ ಡಾಕ್ಟರಲ್ಲದವನು ನಾನೊಬ್ಬನೇ ಎಂದು ಅವಳು ನೆನಪಿಸಿದಳು. ಕೊನೆಗೆ ಸ್ಯಾನ್ ಡಿಯಾಗೋದಿಂದ ಪೂರ್ವಕ್ಕೆ, ಬೆಟ್ಟಗಳ ಹಿಂದಿನ ಪುಟ್ಟ ಊರೊಂದರ ಕ್ಲಿನಿಕ್ಕಿನಿಂದ ಕರೆ ಬಂತು. ಗಂಡನನ್ನೂ ಕರೆತರಬೇಕಂತೆ. ಹಿಂದಿನ ಡಾಕ್ಟರುಗಳೆಲ್ಲ ಊರು ಬಿಟ್ಟದ್ದು ಮನೆಯವರಿಗೆ ಬೇಸರ ಬಂದದ್ದಕ್ಕಂತೆ. “ನೋಡ್ರೀ, ಕೇಳಿದ್ದಕ್ಕಷ್ಟ ಉತ್ತರ ಹೇಳ್ರಿ. ಭಾಳ ಶ್ಯಾಣ್ಯಾತನ ಮಾಡಬ್ಯಾಡ್ರಿ. ಇದು ಕೈತಪ್ಪಿದ್ರ ಗಂಟುಮೂಟಿ ಕಟ್ಟೋದ ಸೈ” ಎಂದು ಶೈಲಜಾ ದಾರಿಯುದ್ದಕ್ಕೂ ಎಚ್ಚರಿಸಿದಳು.

ಕ್ಲಿನಿಕ್ಕಿನ ಅಧ್ಯಕ್ಷೆ ಮಾರ್ಗರೆಟ್ ಎಂಬ ಹಿರಿಯಾಕೆ. ನಮ್ಮನ್ನು ತಮ್ಮ ಮನೆಗೇ ಊಟಕ್ಕೆ ಕರೆದಿದ್ದರು. ಶೈಲಜಾಳನ್ನು ನಾಲ್ಕು ಮಾತು ಕೇಳಿ ನನ್ನತ್ತ ತಿರುಗಿದರು. “ಇಲ್ಲಿ ಮಾಲ್ ಇಲ್ಲ, ಥಿಯೇಟರ್ ಇಲ್ಲ, ಇಂಡಿಯನ್ ಅಂಗಡಿಯಂತೂ ಇಲ್ಲವೇ ಇಲ್ಲ. ನೀವೇನು ಮಾಡುತ್ತೀರಿ?” ಕೋವಿಡ್ ಕಾಲದಿಂದ ಮನೆಯೇ ನನ್ನ ಆಫೀಸು, ಎಲ್ಲಿದ್ದರೂ ಲ್ಯಾಪ್‌ಟಾಪ್ ಮುಂದೆಯೇ ಇರುತ್ತೇನೆ ಎಂದಿದ್ದರೆ ಸಾಕಿತ್ತು. ಆದರೆ ಕಿಟಕಿಯಾಚೆ ಅವರ ಆಡುಗಳು ಕಂಡವು. “ಪ್ರಾಣಿಗಳೆಂದರೆ ನನಗೆ ಪ್ರಾಣ. ದನಕರುಗಳ ನಡುವೆಯೇ ಬೆಳೆದವನು” ಎಂದುಬಿಟ್ಟೆ. ಪೂರ್ತಿ ಸುಳ್ಳೇನಲ್ಲ. ಬಸವನಗುಡಿಯ ನಮ್ಮ ರಸ್ತೆಯಲ್ಲಿ ಹಸುಗಳು ಮಲಗಿರುತ್ತಿದ್ದವು. ನಾನು ಸೈಕಲ್ಲನ್ನು ಅವುಗಳ ಸುತ್ತ ಬಳಸಿಕೊಂಡು ಹೋಗುತ್ತಿದ್ದೆ.

ಮಾರ್ಗರೆಟ್ಟರ ಮುಖ ಅರಳಿತು. “ಹಾಗಾದರೆ ಬನ್ನಿ!” ಎಂದು ಹಿತ್ತಿಲಿಗೆ ಕರೆದೊಯ್ದು ಒಂದು ದಪ್ಪ ಹೋತದ ಹಗ್ಗವನ್ನು ನನ್ನ ಕೈಗಿತ್ತರು. ಹೋತ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿತು, ಇಷ್ಟೇನಾ ಅಂದುಕೊಂಡಿತು, ಓಡಿತು. ಹಗ್ಗ ಬಿಡಬಹುದು ಎಂಬ ಸಾಮಾನ್ಯ ಜ್ಞಾನ ನನಗೆ ಹೊಳೆದದ್ದು ನೀರಿನ ತೊಟ್ಟಿಯೊಳಗೆ ಬಿದ್ದ ಮೇಲೆ.

“ಎಪ್ಪಾ ದೇವರ!” ಎಂದು ಶೈಲಜಾ ಓಡಿಬಂದಳು. ಬೈಯುತ್ತಲೇ ಮಣಿಕಟ್ಟು ಒತ್ತಿ ನೋಡಿದಳು, ಬೆರಳುಗಳನ್ನು ಆಡಿಸಿದಳು, ಮಾರ್ಗರೆಟ್ಟರ ಸ್ಕಾರ್ಫು ಕೇಳಿ ಪಡೆದು ಕೈಯನ್ನು ಕೊರಳಿಗೆ ಕಟ್ಟಿದಳು. “ಕೈ ಮುರದಿಲ್ಲ, ಬರೇ ಉಳುಕೈತಿ. ಮಾನ ಮಾತ್ರ ಪೂರಾ ಹೋಗೈತಿ.” ಮಾನಕ್ಕಿಂತ ಅವಳ ಕೆಲಸ ಹೋಯಿತಲ್ಲ ಎಂದು ನನಗೆ ಅಳುವೇ ಬಂತು. ನೀರು ತೊಟ್ಟಿಕ್ಕಿಸುತ್ತಾ, “ನನ್ನ ದಡ್ಡತನಕ್ಕೆ ದಯವಿಟ್ಟು ಅವಳನ್ನು ದಂಡಿಸಬೇಡಿ” ಎಂದು ಮಾರ್ಗರೆಟ್ಟರನ್ನು ಬೇಡಿಕೊಂಡೆ.

ಅವರು ನಗು ತಡೆಯಲಾರದೆ ಬೇಲಿ ಹಿಡಿದು ನಿಂತಿದ್ದರು. “ಇಲ್ಲಿಗೆ ಡಾಕ್ಟರ್ ಯಾಕೆ ಬೇಕು ಅಂತ ಸರ್ಕಾರಕ್ಕೆ ವಿವರಿಸಿ ವಿವರಿಸಿ ನಮಗೆ ಸಾಕಾಗಿದೆ. ನೀವು ಒಂದೇ ಸಲಕ್ಕೆ ತೋರಿಸಿಕೊಟ್ಟಿರಿ” ಎಂದು, ಶೈಲಜಾಳತ್ತ ತಿರುಗಿ ಕೇಳಿದರು: “ಡಾಕ್ಟರ್, ಯಾವಾಗಿಂದ ಬರುತ್ತೀರಿ?”

ಅಂತೂ ಭಾರತಕ್ಕೆ ಹಿಂತಿರುಗುವ ಷರತ್ತಿಗೆ ವಿನಾಯಿತಿ ಸಿಕ್ಕಿತು, ನಾವು ಅಲ್ಲೇ ನೆಲೆಸಿದೆವು. ಮೊನ್ನೆ ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚಿನಲ್ಲಿ ಸ್ನೇಹಿತರ ಮನೆಯ ಊಟದಲ್ಲಿ, ನನ್ನ ಸಮಯಪ್ರಜ್ಞೆಯೇ ಶೈಲಜಾಳ ವೀಸಾ ಉಳಿಸಿತೆಂದು ಸವಿಸ್ತಾರವಾಗಿ ವರ್ಣಿಸುತ್ತಿದ್ದೆ. ಅಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಕಣ್ಣರಳಿಸಿ, “ನಿಜ್ವಾಗ್ಲೂನಾ ಆಂಟಿ?” ಎಂದು ಶೈಲಜಾಳನ್ನೇ ಕೇಳಿದಳು.

“ಹೌದವಾ,” ಎಂದಳು ಶೈಲಜಾ, ನನ್ನ ತಟ್ಟೆಗೆ ಬಿಸಿಬೇಳೆಬಾತ್ ಬಡಿಸುತ್ತಾ. “ಇಂಥಾದ್ರಾಗೆಲ್ಲಾ ನಮ್ಮ ಮನಿಯವರದು ಎತ್ತಿದ ಕೈ. ಎತ್ತಿ ಕೊರಳಿಗೆ ಕಟ್ಟಿದಾಕಿ ನಾನ.”