ಫ್ರಿಜ್ಜಿನಲ್ಲಿ ಬೀಗದ ಕೈ

"ಈ ಆಲ್ಬಂ ಹೊರಗೆ ಬರ್ಲಿ, ಸಂಗೀತಲೋಕವೇ ತಲೆಕೆಳಗಾಗುತ್ತೆ ನೋಡ್ತಿರು!" ಎಂದು ಮಿಕ್ಸಿ ಬೆಳಗಿನ ಕಾಫಿ ಹೊತ್ತಿಗೇ ಘೋಷಿಸಿದ. ರಾಕ್, ಜಾಝ್, ರ್‍ಯಾಪ್, ಜೋಗುಳ, ಮಿಲಿಟರಿ ಬ್ಯಾಂಡು ಎಲ್ಲವನ್ನೂ ಒಂದೇ ಹಾಡಿಗೆ ಹಾಕಿ ರುಬ್ಬುವ ಈ ಮಹಾಶಯನಿಗೆ ಆ ಹೆಸರಿಟ್ಟವನು ಸ್ವಂತ ಬಾಮೈದ. ಯಾವ ಕಂಪನಿಯ ಹಂಗೂ ಇಲ್ಲದ ಗೀತಕಾರ. ಬರೆಯುವವನೂ ಅವನೇ, ಹಾಡುವವನೂ ಅವನೇ, ಭೇಷ್ ಎನ್ನುವವನೂ ಅವನೇ!

"ಲೋಕ ಏನಾದ್ರೂ ಆಗ್ಲಿ, ನನ್ನ ಕೇಕ್ ತಲೆಕೆಳಗಾಗದಿದ್ರೆ ಸಾಕು," ಎಂದಳು ಹೆಂಡತಿ. ಮನೆಯಲ್ಲೇ ಕೇಕ್ ಮಾಡಿ ಮಾರುವ ಅವಳಿಗೆ ಅಂದು ಮೊದಲ ದೊಡ್ಡ ಆರ್ಡರು: ಹೆಡ್‌ಮಿಸ್ ಮಗಳ ಹುಟ್ಟುಹಬ್ಬಕ್ಕೆ ಎರಡಂತಸ್ತಿನ ಐಸ್‌ಕ್ರೀಂ ಕೇಕು. ಗೆದ್ದರೆ ಇಡೀ ಶಾಲೆಯ ಹುಟ್ಟುಹಬ್ಬಗಳು ಅವಳ ಪಾಲು. ಕೆಟ್ಟರೆ ಶಾಲೆಗೆಲ್ಲ ಡಂಗುರ.

ಮೇಣದಬತ್ತಿ ತರಲು ಅವಳು ಪೇಟೆಗೆ ಹೋದಳು. ಮಿಕ್ಸಿ ಮೈಕಿನ ಮುಂದೆ ಕೂತ. ಅಡುಗೆಮನೆಯ ಫ್ರಿಜ್ಜು "ಗುಂಯ್" ಎಂದು ಶ್ರುತಿ ಹಿಡಿಯಿತು, ಅದೂ ತಪ್ಪು ಶ್ರುತಿ! ಹತ್ತೇ ನಿಮಿಷ ತಾನೇ ಎಂದು ಸ್ವಿಚ್ ಆರಿಸಿದ. ಮರೆತರೆ? ಅದಕ್ಕೂ ಅವನಲ್ಲಿ ಉಪಾಯವಿತ್ತು. ಸ್ಕೂಟರಿನ ಕೀಯನ್ನು ಫ್ರಿಜ್ಜಿನೊಳಗೇ ಇಟ್ಟ. ಹೊರಗೆ ಹೊರಟಾಗ ಕೀ ಬೇಕು, ಕೀಗೆ ಫ್ರಿಜ್ ತೆಗೆಯಬೇಕು, ತೆಗೆದರೆ ನೆನಪಾಗಲೇಬೇಕು. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ.

ಹೆಂಡತಿ ಬಂದವಳು ನೀರಿನ ಬಾಟಲಿಗೆಂದು ಫ್ರಿಜ್ ತೆಗೆದಳು. ಒಳಗೆ ಕತ್ತಲೆ. ಅದರ ಬಲ್ಬು ಹೋಗಿ ಎರಡು ತಿಂಗಳು. ಬದಲಾಯಿಸುತ್ತೇನೆಂದು ಮಾತು ಕೊಟ್ಟವನು ಯಾರೆಂದು ಬೇರೆ ಹೇಳಬೇಕೇ? ಬೆಣ್ಣೆಯ ಪಕ್ಕ ಕೀ! "ಅಯ್ಯೋ, ಹಾಡು ತಲೆಗೇರಿದೆ," ಎಂದು ಮರುಗಿ, ಕೀಯನ್ನು ಮೊಳೆಗೆ ತಗುಲಿಸಿದಳು. ಪದೇ ಪದೇ ತೆಗೆದರೆ ತಣುಪು ಹೋಗುತ್ತದೆಂದು ಕೇಕಿದ್ದ ಮೇಲಿನ ಫ್ರೀಜರ್ ಮಾತ್ರ ಮುಟ್ಟಲಿಲ್ಲ.

ಮೂರು ಗಂಟೆಗೆ ಮಿಕ್ಸಿ ಎಂದಿನಂತೆ ಮೊಳೆಯಿಂದ ಕೀ ತೆಗೆದುಕೊಂಡು, ಶಿಳ್ಳೆ ಹಾಕುತ್ತ ಗಿಟಾರಿನ ತಂತಿ ತರಲು ಹೋದ. ವಾಪಸು ಬಂದಾಗ ಫ್ರೀಜರ್ ಬಾಗಿಲು ತೆರೆದಿತ್ತು. ಎರಡಂತಸ್ತೂ ನೆಲಸಮ!

"ರೀ, ಫ್ರಿಜ್ ಆರಿಸಿದ್ದು ಯಾರು?"

"ನೆನಪಿಗೆ ಅಂತ ಕೀ ಒಳಗಿಟ್ಟಿದ್ನಲ್ಲೇ! ಅದನ್ನ ತೆಗೆದಿದ್ದು ಯಾರು?"

"ನಿಮ್ಮ ಕೀಗೆ ಸೆಖೆ ಆಗುತ್ತೆ ಅಂತ ನಂಗೇನು ಗೊತ್ತು!"

ಬೈದು ಮುಗಿಸಿದವಳು ನೆಲದ ಮೇಲೆ ಕೂತು ಅತ್ತೇಬಿಟ್ಟಳು. ಎರಡು ದಿನದ ದುಡಿಮೆ. ಮಿಕ್ಸಿ ಅವಳ ಪಕ್ಕ ಕೂತ.

"ಅಳ್ಬೇಡ ಕಣೇ. ಹೆಡ್‌ಮಿಸ್ ಮನೇಲಿ ದೊಡ್ಡ ಫ್ರೀಜರ್ ಇದ್ಯಲ್ಲ, ಅದ್ರಲ್ಲಿಟ್ರೆ ಎರಡು ಗಂಟೇಲಿ ಮತ್ತೆ ಗಟ್ಟಿಯಾಗುತ್ತೆ. ಅಲ್ಲೀತನಕ ಮಕ್ಕಳನ್ನ ನಾನು ನೋಡ್ಕೋತೀನಿ. ಇಡೀ ಆಲ್ಬಮ್ಮೇ ಹಾಡ್ತೀನಿ!"

ಕೇಕನ್ನು ಪಾತ್ರೆಗೆ ಸುರಿದುಕೊಂಡು ಹೋದರು. ಹೆಡ್‌ಮಿಸ್ ಹುಬ್ಬು ಗಂಟಿಕ್ಕಿದರೂ ಪಾತ್ರೆಯನ್ನು ಫ್ರೀಜರಿನಲ್ಲಿಟ್ಟರು. ಇಪ್ಪತ್ತು ಮಕ್ಕಳ ಮುಂದೆ ಮಿಕ್ಸಿ ಶುರುಮಾಡಿದ. ರಾಕ್‌ಗೆ ಮಕ್ಕಳು ಕಿವಿ ಮುಚ್ಚಿದವು. ಜಾಝ್‌ಗೆ ಒಂದು ಆಕಳಿಸಿತು. ಜೋಗುಳದೊಳಗಿಂದ ಮಿಲಿಟರಿ ಬ್ಯಾಂಡು ಹೊರಬಿದ್ದಾಗ ಒಂದು ಪಾಪು ಕಿಟಾರನೆ ಕಿರುಚಿತು. ಹುಟ್ಟುಹಬ್ಬದ ಹುಡುಗಿ ಕ್ಲಾಸಿನಲ್ಲಿದ್ದಂತೆ ಕೈ ಎತ್ತಿದಳು.

"ಅಂಕಲ್, ಕೇಕ್ ಗಟ್ಟಿ ಆಗೋವರ್ಗೂ ಹಾಡ್ತೀರಾ?"

"ಹೌದು ಪುಟ್ಟಿ!"

"ಅಮ್ಮಾ, ನಮಗೆ ಕರಗಿದ್ದನ್ನೇ ಕೊಟ್ಬಿಡಮ್ಮಾ!"

ಇಪ್ಪತ್ತು ಮಕ್ಕಳೂ ಚಮಚ ಹಿಡಿದು ಪಾತ್ರೆ ಬಳಿದಿಟ್ಟವು.

ಆ ವಾರ ಹೆಂಡತಿಗೆ ನಾಲ್ಕು ಆರ್ಡರು ಬಂದವು. ನಾಲ್ಕಕ್ಕೂ ಒಂದೇ ಷರತ್ತು: ಕೇಕು ಕರಗಿದ್ದರೂ ನಡೆಯುತ್ತದೆ, ಗಂಡ ಮಾತ್ರ ಬರಕೂಡದು!