ನುಗ್ಗೆಸೊಪ್ಪಿನ ಕೆಳಗೊಂದು ಲ್ಯಾಪ್‌ಟಾಪ್

ಲ್ಯಾಪ್‌ಟಾಪಿಗೆ ಚೀಲ ಆರಿಸುವ ವಿಷಯದಲ್ಲಿ ನನ್ನಷ್ಟು ಆಳವಾಗಿ ಯೋಚಿಸಿದವರು ಸಾತನೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಊರಿನಲ್ಲಿ ಆಗ ಇನ್ನೊಂದು ಲ್ಯಾಪ್‌ಟಾಪೇ ಇರಲಿಲ್ಲ, ಅದು ಬೇರೆ ಮಾತು.

ನನ್ನ ಕೆಲಸ ಹಾರೋಹಳ್ಳಿಯ ಹೊಸ ಕಾರ್ಖಾನೆಯಲ್ಲಿ. ಸೋಮವಾರ ದೊಡ್ಡ ಸಾಹೇಬರಿಗೆ ತೋರಿಸುವ ವರದಿಯನ್ನು ಮನೆಯಲ್ಲೇ ಮುಗಿಸಿ ತರಲು ಮ್ಯಾನೇಜರು ಲ್ಯಾಪ್‌ಟಾಪ್ ಕೊಟ್ಟಿದ್ದರು. "ಜೋಪಾನ. ಇದಕ್ಕೇನಾದರೂ ಆದರೆ ವರದಿಯೂ ಇರಲ್ಲ, ನೀವೂ ಇರಲ್ಲ" ಎಂದಿದ್ದರು.

ಕನಕಪುರದ ಅಂಗಡಿಯಲ್ಲಿ ಅದಕ್ಕೆಂದೇ ಮಾಡಿದ ಕರಿಯ ಚೀಲವಿತ್ತು. ಆದರೆ ಅದನ್ನು ಹೆಗಲಿಗೇರಿಸಿ ಬಸ್ಸು ಹತ್ತಿದರೆ ಅದೇನು, ಎಷ್ಟು ಕೊಟ್ಟೆ, ಸಂಬಳವೆಷ್ಟು, ಮದುವೆ ಯಾವಾಗ ಎಂಬ ಪ್ರಶ್ನೆಗಳು ಇದೇ ಅನುಕ್ರಮದಲ್ಲಿ ಬರುತ್ತವೆ. ನಾನು ನನ್ನ ಪಾಡಿಗೆ ಇರುವವಳು. ಹಾಗಾಗಿ ಅಮ್ಮನ ಹಳೆಯ ರಗ್ಗು ಕತ್ತರಿಸಿ ದಪ್ಪನೆಯ ಗವಸು ಹೊಲಿದೆ. ಅದನ್ನು ಸಂತೆ ಚೀಲದಲ್ಲಿಟ್ಟು ಮೇಲೆ ಎರಡು ಕಂತೆ ನುಗ್ಗೆಸೊಪ್ಪು ಹರಡಿದೆ. ಕಳ್ಳನಿಗೂ ಅನುಮಾನವಿಲ್ಲ, ನೆಂಟರಿಗೂ ಅನುಮಾನವಿಲ್ಲ!

ಬಸ್ಸು ಬಂತು. ಜನ ಮುತ್ತಿದರು. ಪಕ್ಕದ ಮನೆಯ ಪುಟ್ಟಸ್ವಾಮಣ್ಣ, "ಕೊಡವ್ವ ಇತ್ಲಾಗೆ, ಸೀಟ್ ಹಿಡಿತೀನಿ" ಎಂದವರೇ ಚೀಲ ಕಿತ್ತುಕೊಂಡು ಕಿಟಕಿಯೊಳಕ್ಕೆ ಎಸೆದರು. "ಹೋಗವ್ವ, ಸೀಟ್ ಸಿಕ್ತು!"

ಬಸ್ ಸ್ಟ್ಯಾಂಡಿನಲ್ಲಿ ಕಿರುಚಿ ನನಗೆ ಅಭ್ಯಾಸವಿಲ್ಲ.

ನುಗ್ಗಿ ಒಳಗೆ ಹೋದೆ. ಆ ಸೀಟಿನಲ್ಲಿ ಗಟ್ಟಿಮುಟ್ಟಾದ ಒಬ್ಬ ಹೆಂಗಸು ಕುಳಿತಿದ್ದರು.

"ಇಲ್ಲೊಂದು ಚೀಲ ಇತ್ತಲ್ಲ?"

"ನನ್ ಕೆಳಗೇ ಐತೆ ಕಣವ್ವ. ಮೆತ್ತಗೆ ಚೆಂದಾಗೈತೆ. ಸೊಪ್ಪು ನಲುಗ್ತದೆ ಅಂತ ಎತ್ತಿ ಮಡಗಿವ್ನಿ."

"ದಯವಿಟ್ಟು ಏಳಿ. ಅದರಲ್ಲಿ ಸೂಕ್ಷ್ಮವಾದ ವಸ್ತುವಿದೆ."

"ಮೊಟ್ಟೆನಾ?"

"ಅಲ್ಲ."

"ಹಂಗಾರೆ ಒಡೆಯಕ್ಕಿಲ್ಲ, ಬುಡು."

ಬಸ್ಸು ಹೊರಟಿತು. ಒಂದು ಹಳ್ಳಕ್ಕೆ ಇಳಿದು ನೆಗೆಯಿತು. ಅವರೂ ನೆಗೆದರು. ಮತ್ತೆ ಅಲ್ಲೇ ಕುಳಿತರು!

"ಅದು ಲ್ಯಾಪ್‌ಟಾಪ್! ಕಾರ್ಖಾನೇದು! ನನ್ನ ಕೆಲಸ ಹೋಗುತ್ತೆ, ಏಳಿ!"

ಇಡೀ ಬಸ್ಸು ನನ್ನತ್ತ ತಿರುಗಿತು. ಆಕೆ ಹೌಹಾರಿ ಎದ್ದರು. "ಅಯ್ಯಯ್ಯೋ, ತೆಗೆದು ನೋಡವ್ವ, ಜೀವ ಐತಾ?"

ಕಂಡಕ್ಟರ್ ಟಿಕೆಟ್ ಹರಿಯುವುದನ್ನೇ ನಿಲ್ಲಿಸಿದರು. "ಆನ್ ಮಾಡಿ ಮೇಡಂ, ನೋಡೇ ಬುಡವ."

ಆಕೆ ಎದ್ದ ಜಾಗದಲ್ಲಿ ಕುಳಿತು, ಗವಸಿನಿಂದ ತೆಗೆದು ಮಡಿಲಲ್ಲಿಟ್ಟು ಗುಂಡಿ ಒತ್ತಿದೆ. ಕತ್ತಲೆ. ಹಿಂದಿನ ಸೀಟಿನಲ್ಲಿ ಯಾರೋ ದೇವರನ್ನು ನೆನೆದರು. ಕೊನೆಗೆ ಟಿಂಗ್ ಎಂದು ಸದ್ದಾಗಿ ಪರದೆ ಬೆಳಗಿತು. ವರದಿ ಉಳಿಯಿತು! ಕೆಲಸ ಉಳಿಯಿತು! ಬಸ್ಸಿಗೆ ಬಸ್ಸೇ ನಿಟ್ಟುಸಿರು ಬಿಟ್ಟಿತು.

ಆಮೇಲೆ ಪರದೆಯ ತುಂಬ ನಾನು ಮೂಡಿಬಂದೆ. ವರದಿ ಮುಗಿದ ಹುಮ್ಮಸ್ಸಿನಲ್ಲಿ, ಚಿಕ್ಕಪ್ಪನ ಮಗಳ ಮದುವೆಯ ಸಿ.ಡಿ.ಯಿಂದ ನನ್ನದೇ ಫೋಟೋ ತೆಗೆದು ಹಾಕಿಕೊಂಡಿದ್ದೆ. ಸ್ಟುಡಿಯೋದವರ ಕೃಪೆಯಿಂದ ಸುತ್ತಲೂ ಗುಲಾಬಿ, ಹಿಂದೆ ಜಲಪಾತ.

ನಲವತ್ತು ತಲೆಗಳು ಬಗ್ಗಿದವು. ಆಕೆ ಫೋಟೋವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋವನ್ನು ನೋಡಿದರು.

"ಇದ್ರಾಗೆ ಚೆಂದಾಗಿದ್ದೀಯ ಕಣವ್ವ."

ಇಡೀ ಬಸ್ಸು ಹೌದೆಂದಿತು. ಒಬ್ಬರಾದರೂ ಆಕ್ಷೇಪ ಎತ್ತಬಹುದಿತ್ತು.