ಹಳೇ ತಲೆಗೆ ಹೊಸ ಹೊಟ್ಟೆ

ನನ್ನ ತಮ್ಮನಿಗೆ ಹುಚ್ಚು ಅಂತ ತುಮಕೂರಿನ ಸದಾಶಿವನಗರದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ವಾರಕ್ಕೆ ಒಂದೇ ದಿನ. ಭಾನುವಾರ ಗ್ಯಾರೇಜಿಗೆ ರಜ, ಆವತ್ತು ಮಾತ್ರ. ಮಿಕ್ಕ ಆರು ದಿನ ಊರಿನವರ ಗಾಡಿ ಎಷ್ಟು ಚೆನ್ನಾಗಿ ರಿಪೇರಿ ಮಾಡುತ್ತಾನೆ ಅಂದರೆ, ಒಂದು ಸಲ ಬಂದ ಗಿರಾಕಿ ಎರಡು ವರ್ಷ ಮುಖ ತೋರಿಸುವುದಿಲ್ಲ. ಹೀಗಾದರೆ ವ್ಯಾಪಾರ ಹೇಗೆ ನಡೀಬೇಕು, ನೀವೇ ಹೇಳಿ!

ಅವನು ನನಗೆ ತಮ್ಮನೂ ಹೌದು, ಅಳಿಯನೂ ಹೌದು. ನನ್ನ ಮಗಳನ್ನೇ ಅವನಿಗೆ ಕೊಟ್ಟಿದ್ದೀನಿ, ನಮ್ಮ ಕಡೆ ಇದೇನು ಹೊಸದಲ್ಲ. ಕಷ್ಟ ಏನಪ್ಪಾ ಅಂದರೆ, ತಮ್ಮ ಅಂತ ಬೈದರೆ ಅಳಿಯನಿಗೆ ಅವಮಾನ, ಅಳಿಯ ಅಂತ ಮರ್ಯಾದೆ ಕೊಟ್ಟರೆ ತಮ್ಮ ತಲೆ ಮೇಲೆ ಕೂರುತ್ತಾನೆ. ನಾನು ಬೈಯುವುದನ್ನೇ ಆರಿಸಿಕೊಂಡೆ. ಗಂಡ ಹೆಂಡಿರ ಜಗಳವಾದರೆ ನ್ಯಾಯ ನನ್ನ ಹತ್ತಿರಾನೇ ಬರುತ್ತೆ. ಇಬ್ಬರೂ ನನ್ನವರೇ. ಯಾರ ಪರ ಹೇಳಿದರೂ ರಾತ್ರಿ ಊಟಕ್ಕೆ ಮೋಸವಿಲ್ಲ.

ನಮ್ಮ ಅಂಗಳದಲ್ಲಿ ಒಂದು ಹಳೇ ಸಣ್ಣ ಕಾರು ನಿಂತಿತ್ತು. ಒಂದು ಭಾನುವಾರ ಅದರ ಇಂಜಿನ್ ಬಿಚ್ಚಿ ಹರಡಿಕೊಂಡು ಕೂತ. ಲೇತಿನವನ ಹತ್ತಿರ ಹೋಗಿ ಸಿಲಿಂಡರುಗಳನ್ನು ಕೊರೆಸಿ ಅಗಲ ಮಾಡಿಸಿದ. ಪಿಸ್ಟನ್ನು ಒಂದು ಗಾಡೀದು, ಕ್ರ್ಯಾಂಕು ಇನ್ನೊಂದು ಗಾಡೀದು. ಬಿಸಿ ಮಾಡಿದರೆ ಪಿನ್ನು ಸಲೀಸಾಗಿ ಕೂರುತ್ತೆ ಅಂತ ಪಿಸ್ಟನ್ನುಗಳನ್ನು ಎಲ್ಲಿ ಬೇಯಿಸಿದ ಗೊತ್ತಾ? ನನ್ನ ಇಡ್ಲಿ ಪಾತ್ರೆಯಲ್ಲಿ!

"ಏನ್ಲಾ ಅದು ಒಲೆ ಮೇಲೆ?"

"ಐದೇ ನಿಮಿಷ ಅಕ್ಕ, ಬೆಂದೈತೆ."

"ಚಟ್ನಿ ರುಬ್ಬಲೇನೋ ಹಂಗಾದ್ರೆ?"

ಅಂತೂ ಎರಡು ವರ್ಷದ ಭಾನುವಾರಗಳನ್ನೆಲ್ಲಾ ತಿಂದು ಇಂಜಿನ್ ಎದ್ದು ನಿಂತಿತು. ಆದರೆ ಈಗಿನ ಕಾರಿಗೆ ಇಂಜಿನ್ ಒಂದಿದ್ದರೆ ಸಾಲದಂತೆ. ಅದಕ್ಕೊಂದು ಕಂಪ್ಯೂಟರ್ ಇರುತ್ತಂತೆ. ನಾನು ನೋಡಿದೆ, ಟಿಫನ್ ಬಾಕ್ಸಿನಷ್ಟಿದೆ. ಎಷ್ಟು ಪೆಟ್ರೋಲು ಬಿಡಬೇಕು, ಯಾವಾಗ ಕಿಡಿ ಹಾರಿಸಬೇಕು, ಎಲ್ಲ ಅದರ ಅಪ್ಪಣೆಯಂತೆ. ಆ ಡಬ್ಬಿ ಮಾತ್ರ ಕಾರು ಕಂಪನಿಯಿಂದ ಬಂದಾಗ ಇದ್ದದ್ದೇ. ಲ್ಯಾಪ್‌ಟಾಪ್ ಹಿಡಿದುಕೊಂಡು ಗಾಡಿ ರಿಪೇರಿ ಮಾಡುವ ಒಬ್ಬ ಇಂಜಿನಿಯರು ಬಂದು ನೋಡಿ ನಕ್ಕ.

"ಅಣ್ಣ, ನೀವು ಕಟ್ಟಿರೋ ಇಂಜಿನ್ನು ಈ ಡಬ್ಬಿಗೆ ಬಗ್ಗಲ್ಲ. ಬೇರೆ ಕಂಪ್ಯೂಟರ್ ತರಿಸಿ, ಲೆಕ್ಕ ಎಲ್ಲಾ ಹೊಸದಾಗಿ ಬರೀಬೇಕು. ಅದಕ್ಕೆ ಸ್ವಲ್ಪ ಓದಿರ್ಬೇಕು."

ಕೊನೇ ಮಾತು ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನ್ನ ತಮ್ಮ ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯಲ್ಲೇ ಮುಖ ಒರೆಸಿಕೊಂಡ. ಮುಖ ಕಪ್ಪಾಯಿತು. ಇಂಜಿನಿಯರು ಹೋದ ಮೇಲೆ ಅಂದ: "ಅಕ್ಕ, ಇದೇ ಡಬ್ಬಿಯಲ್ಲೇ ಓಡಿಸ್ತೀನಿ."

ಓಡಿತೇ? ಓಡಿತು, ಕೆಮ್ಮಿಕೊಂಡು. ಏರು ಬಂದರೆ ಉಸಿರು ಕಟ್ಟುತ್ತಿತ್ತು. ಸ್ಟೇರಿಂಗಿನ ಹಿಂದೆ ಇಂಜಿನ್ ಚಿತ್ರದ ಒಂದು ಹಳದಿ ದೀಪ ಹತ್ತಿಕೊಂಡಿದ್ದು ಆರಲೇ ಇಲ್ಲ. ಯಾಕೋ ಅಂದರೆ, ಡಬ್ಬಿ ಇನ್ನೂ ಹಳೇ ಸಣ್ಣ ಇಂಜಿನ್ನೇ ಇದೆ ಅಂದುಕೊಂಡು ಅಷ್ಟಕ್ಕೇ ಅಳೆದು ಪೆಟ್ರೋಲು ಬಡಿಸುತ್ತಂತೆ. ಇಂಜಿನ್ನಿಗೆ ಹೊಟ್ಟೆ ತುಂಬುತ್ತಿಲ್ಲ, ಡಬ್ಬಿಗೆ ಅದು ಗೊತ್ತಿಲ್ಲ.

ಮುಂದಿನ ಭಾನುವಾರ ಕುಣಿದಾಡಿಕೊಂಡು ಬಂದ. "ಅಕ್ಕ, ಉಪಾಯ ಸಿಕ್ತು! ಶಾಖ ತಿಳಿಸೋ ವೈರಿಗೆ ಅಡ್ಡ ಒಂದು ಸಣ್ಣ ಪೀಸ್ ಹಾಕಿ, ಚಳಿ ಆಗ್ತೈತೆ ಅಂತ ಡಬ್ಬಿಗೆ ನಂಬ್ಸಿದೀನಿ. ಚಳಿ ಇದ್ರೆ ಪೆಟ್ರೋಲ್ ಜಾಸ್ತಿ ಬುಡ್ತದೆ."

"ಸುಳ್ಳು ಹೇಳಿದೀಯಾ ಅನ್ನು."

"ಸುಳ್ಳಲ್ಲ ಅಕ್ಕ, ಅಡ್ಜಸ್ಟ್‌ಮೆಂಟು."

ಶಿವರಾತ್ರಿ ಬಂದರೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅಂತಾರೆ. ಶಿವರಾತ್ರಿ ಮುಗಿದು ತುಮಕೂರಿನ ರಸ್ತೆಯಲ್ಲಿ ನಾಯಿಗಳೂ ನೆರಳು ಹುಡುಕುತ್ತಿವೆ, ನಮ್ಮ ಕಾರಿನ ಡಬ್ಬಿಗೆ ಮಾತ್ರ ಗಡಗಡ ಚಳಿ! ಅದೇ ಚಳಿಯಲ್ಲಿ ಗುಬ್ಬಿಗೆ ಹೊರಟೆವು. ನಮ್ಮ ನೆಂಟರ ಮನೆ ಗೃಹಪ್ರವೇಶ. ನನ್ನ ಮಗಳು ರೇಷ್ಮೆ ಸೀರೆ ಉಟ್ಟು ಮುಂದೆ ಕೂತಳು, ನಾನು ಹಿಂದೆ. ಕಾರಿನೊಳಗೆಲ್ಲಾ ಪೆಟ್ರೋಲ್ ವಾಸನೆ, ಹಿಂದೆ ಕರೀ ಹೊಗೆ. ಬೈಕಿನಲ್ಲಿ ಬರುತ್ತಿದ್ದವನೊಬ್ಬ ಪಕ್ಕಕ್ಕೆ ಬಂದು, "ಯಜಮಾನ್ರೇ, ಸೊಳ್ಳೆ ಹೊಡಿಯೋಕೆ ಪುರಸಭೆಯೋರು ಕಳ್ಸಿದ್ರಾ?" ಅಂತ ಕೇಳಿಕೊಂಡು ಹೋದ.

ಗುಬ್ಬಿಯ ರೈಲ್ವೆ ಗೇಟು ಹಾಕಿತ್ತು. ಕಾರು ನಿಂತಿತು. ರೈಲು ಹೋಯಿತು, ಗೇಟು ತೆಗೆದರು, ನಮ್ಮ ಕಾರು ಏಳಲಿಲ್ಲ. ಪೆಟ್ರೋಲು ಅತಿಯಾಗಿ, ಕಿಡಿ ಹಾರಿಸುವ ಪ್ಲಗ್ಗುಗಳೆಲ್ಲಾ ಮಸಿ ಹಿಡಿದು ಕೂತಿದ್ದವು. ಹಿಂದಿನವರೆಲ್ಲಾ ಹಾರ್ನ್ ಹೊಡೆದರು, ಕೆಲವರು ನಮ್ಮ ವಂಶದ ಬಗ್ಗೆಯೂ ವಿಚಾರಿಸಿದರು. ಕೊನೆಗೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ಗೃಹಪ್ರವೇಶದ ಚಪ್ಪರದ ಮುಂದೇ ಬಿಟ್ಟರು. ಓಲಗದವರು ನಮ್ಮನ್ನು ನೋಡಿ ಊದುವುದನ್ನೇ ನಿಲ್ಲಿಸಿದರು.

ನನ್ನ ಮಗಳು ಗಂಡನನ್ನು ಯಾವಾಗಲೂ "ಮಾವ" ಅಂತಲೇ ಕರೆಯುವುದು. ಆವತ್ತು ಕೆಳಗಿಳಿದವಳೇ, "ರೀ" ಅಂದಳು. ನನಗೇ ಎದೆ ಝಲ್ ಅಂತು.

"ರೀ, ಯುಗಾದಿ ಒಳಗೆ ಆ ಹಳದಿ ದೀಪ ಆರ್ಬೇಕು. ಆರ್ಲಿಲ್ವಾ, ಹಬ್ಬದ ಮಾರನೇ ದಿನ ಗಾಡಿ ಗುಜರಿಗೆ. ಅಂಗಳದಲ್ಲಿ ನಾನು ಹೊಲಿಗೆ ಕ್ಲಾಸ್ ಹಾಕ್ತೀನಿ. ಅವ್ವ, ನೀನೇ ಸಾಕ್ಷಿ."

"ಸಾಕ್ಷಿ ಏನೇ, ಬೇಕಾದ್ರೆ ಗುಜರಿಯವನ್ನೂ ನಾನೇ ಕರೀತೀನಿ" ಅಂದೆ. ನನ್ನ ತಮ್ಮ ನನ್ನ ಮುಖ ನೋಡಿದ. ನೋಡಿದರೆ ನೋಡಲಿ. ನ್ಯಾಯ ನ್ಯಾಯವೇ.

ಊಟಕ್ಕೆ ಕೂತಾಗ ನಮ್ಮನ್ನು ಎಳೆದು ತಂದ ಟ್ರ್ಯಾಕ್ಟರಿನವರನ್ನೂ ಪಂಕ್ತಿಗೆ ಕೂರಿಸಿದರು. ಬೆಳಗಿನಿಂದ ಕಾಯಿ ಹೊತ್ತವರು, ಒಬ್ಬೊಬ್ಬರಿಗೆ ಎರಡೆರಡು ಮುದ್ದೆ ಬೇಕು. ಸಾರು ಬಡಿಸುತ್ತಿದ್ದವನು ಒಬ್ಬ ಮುದುಕ. ಎಲೆಗೆ ಎರಡು ಸೌಟು, ಅದೇ ಅವನ ಲೆಕ್ಕ. ಮಗುವಿಗೂ ಎರಡು, ಭೀಮನಿಗೂ ಎರಡು. ತಲೆ ಎತ್ತಿ ಮುಖ ನೋಡುವವನಲ್ಲ. ಇನ್ನೊಂದು ಹಾಕಪ್ಪಾ ಅಂದರೆ ಕಿವಿ ಕೇಳುವುದಿಲ್ಲ. ಅವನಿಗೆ ಬುದ್ಧಿ ಹೇಳುತ್ತಾ ಕೂತರೆ ಸಾರು ಆರಿಹೋಗುತ್ತೆ. ನಾನಿನ್ನೂ ಎಲೆ ಮುಂದೆ ಕೂತಿರಲಿಲ್ಲ, ಹೋಗಿ ಅವನ ಕೈಲಿದ್ದ ಸೌಟು ಕಿತ್ತುಕೊಂಡು, ಅಡುಗೆಯವರ ದೊಡ್ಡ ಸೌಟು ಕೊಟ್ಟೆ. ಅವನು ಏನೂ ಆಗಿಲ್ಲವೆಂಬಂತೆ ಎರಡೆರಡು ಬಡಿಸಿಕೊಂಡು ಹೋದ. ಎಲ್ಲರ ಎಲೆಯೂ ತುಂಬಿತು.

ತಿರುಗಿ ನೋಡುತ್ತೀನಿ, ನನ್ನ ತಮ್ಮ ಮುದ್ದೆ ಮುರಿಯುವುದನ್ನು ಬಿಟ್ಟು ಆ ಸೌಟನ್ನೇ ನುಂಗುವ ಹಾಗೆ ನೋಡುತ್ತಿದ್ದಾನೆ! ಪಂಕ್ತಿಯಲ್ಲಿ ಎಲ್ಲರ ಊಟ ಆಗುವ ಮುಂಚೆ ಏಳಬಾರದು ಅಂತ ಹುಟ್ಟಿದ ಮಗುವಿಗೂ ಗೊತ್ತು. ಇವನು ಎದ್ದೇ ಬಿಟ್ಟ.

"ಅಕ್ಕಾ, ಡಬ್ಬಿಗೆ ಸುಳ್ಳು ಯಾಕೆ ಹೇಳ್ಬೇಕು? ಅದರ ಲೆಕ್ಕ ಅದು ಹಾಕ್ಕೊಳ್ಲಿ. ನಾನು ಸೌಟು ಬದಲಾಯಿಸ್ಬೇಕು!"

"ಮೊದ್ಲು ಕೂತ್ಕೊಂಡು ಉಣ್ಣೋ ಮುಠ್ಠಾಳ, ಜನ ನೋಡ್ತವ್ರೆ!"

ಆ ವಾರವೆಲ್ಲಾ ಗುಜರಿ ಅಂಗಡಿಗಳನ್ನು ಜಾಲಾಡಿದ. ಪೆಟ್ರೋಲು ಚಿಮ್ಮಿಸುವುದಕ್ಕೆ ಇಂಜೆಕ್ಟರ್ ಅಂತ ಬೆರಳುದ್ದದ ನಳಿಕೆಗಳಿರುತ್ತವೆ, ಅವೇ ಅವನ ಸೌಟುಗಳು. ಇಂಜಿನ್ ಎಷ್ಟು ಪಾಲು ದೊಡ್ಡದಾಗಿದೆಯೋ ಅಷ್ಟೇ ಪಾಲು ಜಾಸ್ತಿ ಚಿಮ್ಮಿಸುವ ಇಂಜೆಕ್ಟರ್ ಬೇಕು. ಒಂದೊಂದನ್ನೂ ಗಾಜಿನ ಲೋಟದಲ್ಲಿ ಚಿಮ್ಮಿಸಿ ಅಳೆದ. ನನ್ನ ಮೊಮ್ಮಗಳ ಹಳೇ ನೋಟುಬುಕ್ಕಿನ ತುಂಬಾ ಲೆಕ್ಕ. ನಾಲ್ಕು ಇಂಜೆಕ್ಟರ್ ಹೊಂದಿಸಿಕೊಂಡು ಕೂರಿಸಿದ. ಚಳಿಯ ವೈರಿನ ಪೀಸನ್ನು ಕಿತ್ತು ಬಚ್ಚಲಿಗೆ ಎಸೆದ.

ಕಾರು ಕೆಮ್ಮುವುದು ನಿಂತಿತು. ಹಳದಿ ದೀಪ ಮಾತ್ರ ಆರಲಿಲ್ಲ.

"ಇನ್ನೇನೋ ಅದಕ್ಕೆ ರೋಗ?"

"ರೋಗ ಅಲ್ಲ ಅಕ್ಕ. ಇಷ್ಟು ದಿನ ಇಂಜಿನ್ನಿನ ಹೊಟ್ಟೆನೋವು ನೋಡಿ ನೋಡಿ ಡಬ್ಬಿಗೆ ನಂಬಿಕೆ ಹೋಗೈತೆ. ಚೂರುಪಾರು ವ್ಯತ್ಯಾಸ ಇದ್ರೆ ತಾನೇ ಕಲ್ತು ಸರಿ ಮಾಡ್ಕೊಂತದೆ. ನಿಧಾನಕ್ಕೆ, ಒಂದೇ ಸಮ ಓಡಿಸ್ತಾ ಇರ್ಬೇಕು."

ಅವತ್ತಿನಿಂದ ದಿನಾ ಸಾಯಂಕಾಲ ಊರ್ಡಿಗೆರೆಗೆ ಹೋಗೋದು, ಬರೋದು. ಡಬ್ಬಿಗೆ ಪಾಠ! ಹಿಂದಿನ ಸೀಟಿನಲ್ಲಿ ಸಾಕ್ಷಿಗೆ ನಾನು. ಎತ್ತಿನಗಾಡಿಯವನೂ ನಮ್ಮನ್ನು ಹಿಂದೆ ಹಾಕಿ ತಿರುಗಿ ನೋಡಿ ನಗುತ್ತಿದ್ದ. ನಮ್ಮ ಮನೆಯಲ್ಲಿ ದೀಪ ಆರಿಸು ಅಂತ ಬಾಯಲ್ಲಿ ಆಡುವುದಿಲ್ಲ, ಅಪಶಕುನ. ನಾನು ಮಾತ್ರ ದಿನಾ ವಿಭೂತಿ ಇಟ್ಟುಕೊಳ್ಳುವಾಗ, ಶಿವನೇ, ಆ ದೀಪ ಒಂದು ಆರಿಹೋಗಲಪ್ಪಾ ಅಂತ ಬೇಡಿಕೊಂಡೆ. ಗುಜರಿಯವನನ್ನು ಕರೀತೀನಿ ಅಂದವಳು ನಾನೇ. ಅದು ಬೇರೆ ವಿಷಯ.

ಯುಗಾದಿಗೆ ಎರಡೇ ದಿನ ಉಳಿಯಿತು. "ಇವತ್ತು ಕುಣಿಗಲ್ ತನಕ ಹೋಗಿ ಬರಾಣ. ಆರಿದ್ರೆ ಆರ್ತು, ಇಲ್ದಿದ್ರೆ ಬುಡು" ಅಂದ ನನ್ನ ತಮ್ಮ. ಮಗಳೂ ಬಂದಳು, ಹೊಲಿಗೆ ಕ್ಲಾಸಿಗೆ ಅಂಗಳ ಅಳೆಯುವ ಟೇಪನ್ನು ಬ್ಯಾಗಿನಲ್ಲಿಟ್ಟುಕೊಂಡೇ.

ಕುಣಿಗಲ್ಲಿನವರೆಗೂ ದೀಪ ಉರಿಯುತ್ತಲೇ ಇತ್ತು. ಕೆರೆ ಏರಿ ಹತ್ತಿರ ಟೀ ಕುಡಿಯುವುದಕ್ಕೆ ನಿಲ್ಲಿಸಿದೆವು. ವಾಪಸ್ ಹತ್ತಿ ಕೂತೆವು. ಕೀ ತಿರುಗಿಸಿದ. ಎಲ್ಲಾ ದೀಪಗಳೂ ಒಟ್ಟಿಗೆ ಹತ್ತಿದವು. ಇಂಜಿನ್ ಎದ್ದಿತು. ಒಂದೊಂದೇ ಆರಿದವು. ಹಳದಿಯದೂ ಆರಿತು.

ಅವನು ನಂಬಲಿಲ್ಲ. ಆಫ್ ಮಾಡಿ ಮತ್ತೆ ಹಾಕಿದ. ಆರಿತು. ಮತ್ತೆ ಆಫ್ ಮಾಡಿದ.

"ಸಾಕು ಬಿಡು ಮಾವ, ಕೆಟ್ಟೋದಾತು" ಅಂದಳು ನನ್ನ ಮಗಳು.

ಮೂರನೇ ಸಲವೂ ದೀಪ ಆರಿದಾಗ, ಐವತ್ತೆಂಟು ವರ್ಷದ ಗಂಡಸು ಸ್ಟೇರಿಂಗಿನ ಮೇಲೆ ಹಣೆ ಇಟ್ಟುಕೊಂಡು ಕೂತುಬಿಟ್ಟ.

ನಮ್ಮಪ್ಪ ಸತ್ತಾಗ ಅವನು ಏಳನೇ ಕ್ಲಾಸು. ಲೆಕ್ಕದಲ್ಲಿ ಶಾಲೆಗೇ ಮೊದಲು. ನಾನು ಆಗ ಸಂಸಾರ ಹೂಡಿದವಳು, ನಮ್ಮ ಮನೆಯಲ್ಲೇ ಗಂಜಿಗೆ ತತ್ವಾರ. ಅವನನ್ನು ಕರಕೊಂಡು ಬಂದು ಶಾಲೆಗಲ್ಲ, ಗ್ಯಾರೇಜಿಗೆ ಬಿಟ್ಟವಳು ನಾನೇ. ಅಳಲಿಲ್ಲ, ಹಟ ಮಾಡಲಿಲ್ಲ. "ಅಕ್ಕ, ನನ್ನ ಪುಸ್ತಕ ಯಾರಿಗೆ ಕೊಡ್ತೀಯಾ?" ಅಂತ ಒಂದೇ ಮಾತು ಕೇಳಿದ್ದ. ಈ ನಲವತ್ತಾರು ವರ್ಷದಲ್ಲಿ ಮತ್ತೆ ಕೇಳಲಿಲ್ಲ.

ಹಿಂದಿನ ಸೀಟಿನಿಂದ ಬಗ್ಗಿ ಅವನ ತಲೆ ಮೇಲೆ ಕೈ ಇಟ್ಟೆ. "ತಪ್ಪು ಮಾಡ್ಬುಟ್ಟೆ ಕಣೋ. ನಿನ್ನ ಓದಿಸ್ಬೇಕಾಗಿತ್ತು ನಾನು" ಅಂದೆ.

ಅವನು ತಲೆ ಎತ್ತಲಿಲ್ಲ. "ಏನಂದೆ ಅಕ್ಕ? ಇಂಜಿನ್ ಸದ್ದಿಗೆ ಕೇಳಿಸ್ಲಿಲ್ಲ" ಅಂದ.

ಆ ಇಂಜಿನ್ನಿಗೆ ಸದ್ದೇ ಇರಲಿಲ್ಲ. ಆನ್ ಆಗಿದೆಯೋ ಇಲ್ಲವೋ ಅಂತ ಕೈಯಿಟ್ಟು ನೋಡಬೇಕಾಗಿತ್ತು, ಅಷ್ಟು ನಯವಾಗಿ ಓಡುತ್ತಿತ್ತು.

"ಏನಿಲ್ಲ. ಗಾಡಿ ತೆಗಿ" ಅಂದೆ.